ರಾವಸಾಹೇಬನ ಮೂರನೆಯ ಗೈರುಹಾಜರಿ

ಹೆಸರು ರಾವಸಾಹೇಬ ಐವಳೆ. ರಾವ್ ಅಲ್ಲ, ಸಾಹೇಬನಂತೂ ಮೊದಲೇ ಅಲ್ಲ. ಸಾಂಗ್ಲಿಯ ಕಡೆ ಬಡವರು ಮಕ್ಕಳಿಗೆ ಹೆಸರಿಡುವುದರಲ್ಲಿ ಬಹಳ ಧಾರಾಳಿಗಳು. ಹೆಸರಿಗೆ ತೆರಿಗೆ ಇಲ್ಲವಲ್ಲ. ನಾನು ಅಥಣಿಯಿಂದ ಬಂದು ಇಲ್ಲಿ ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಅಡತಿ, ಅಂದರೆ ದಲ್ಲಾಳಿ ಅಂಗಡಿ, ಹಾಕಿ ಮೂವತ್ತನಾಲ್ಕು ವರ್ಷವಾಯಿತು. ಅಷ್ಟರಲ್ಲಿ ನನ್ನ ಹತ್ತಿರ ಬಂದು ಹೋದ ಆಳುಗಳನ್ನು ಒಟ್ಟಿಗೆ ನಿಲ್ಲಿಸಿದರೆ ಒಂದು ಲಾರಿ ಸಾಲದು. ಉಳಿದವನು ಇವನೊಬ್ಬ. ಇಪ್ಪತ್ತೆರಡು ವರ್ಷದಿಂದ ನನ್ನ ಕಾಟಾದ ಮುಂದೆ ನಿಂತು ಚೀಲ ತೂಗುತ್ತಾನೆ.

ನನ್ನಲ್ಲಿಗೆ ಬರುವ ಮೊದಲು ಅವನು ಒಂಬತ್ತು ಕೆಲಸ ಬಿಟ್ಟಿದ್ದ, ಅಥವಾ ಒಂಬತ್ತು ಕೆಲಸ ಅವನನ್ನು ಬಿಟ್ಟಿದ್ದವು. ನೂಲಿನ ಗಿರಣಿಯಲ್ಲಿ ಹರಿದ ಎಳೆ ಜೋಡಿಸುವುದನ್ನು ಬಿಟ್ಟು ಕಿಟಕಿಯಲ್ಲಿ ಗುಬ್ಬಿ ಗೂಡು ಕಟ್ಟುವುದನ್ನು ನೋಡುತ್ತ ನಿಂತ. ಬಂಗಲೆಯೊಂದರ ಕಾವಲಿಗೆ ಸೇರಿ, ಕೀಲಿಯನ್ನು ಒಳಗೆ ಬಿಟ್ಟು ಗೇಟಿಗೆ ಬೀಗ ಒತ್ತಿ, ಮಾಲೀಕನ ಪಕ್ಕದಲ್ಲಿ ತಾನೂ ಬೀದಿಯಲ್ಲಿ ನಿಂತ. ನನ್ನಲ್ಲಿ ಸೇರಿದ ಹೊಸತರಲ್ಲಿ ಒಮ್ಮೆ ಸೈಕಲ್ ಮೇಲೆ ಕೆಲಸಕ್ಕೆ ಬಂದು, ನಡೆದುಕೊಂಡು ಮನೆಗೆ ಹೋಗಿ, ಮರುದಿನ ಸೈಕಲ್ ಕಳುವಾಗಿದೆಯೆಂದು ಪೊಲೀಸ್ ಚೌಕಿಗೆ ದೂರು ಕೊಡಲು ಹೋದ. ಹೋದದ್ದು ನನ್ನ ಸೈಕಲ್ ತೆಗೆದುಕೊಂಡು. ಅದನ್ನು ಚೌಕಿಯ ಮುಂದೆ ಬಿಟ್ಟು ಬಂದ. ಈ ಕಥೆಯನ್ನು ನಾನು ಕಡಿಮೆಯೆಂದರೂ ಇನ್ನೂರು ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುವವನು ರಾವಸಾಹೇಬನೇ.

ಕಾಟಾದ ಮುಂದೆ ಮಾತ್ರ ಅವನು ಬೇರೆ ಮನುಷ್ಯ. ಅಲ್ಲಿ ಅರ್ಧ ನಿಮಿಷಕ್ಕೊಂದು ಹೊಸ ಚೀಲ, ಹೊಸ ಅಂಕಿ, ಹಮಾಲರ ಹೊಸ ಜಗಳ. ಅವನ ಮನಸ್ಸಿಗೆ ಬೇಸರವಾಗಲು ಪುರುಸೊತ್ತೇ ಇಲ್ಲ. ಇದನ್ನು ನಾನು ಮೊದಲ ವಾರವೇ ಕಂಡುಕೊಂಡೆ. ವ್ಯಾಪಾರಿಗೆ ಇಷ್ಟು ಕಣ್ಣಿರಬೇಕು, ಇದರಲ್ಲಿ ಪುಣ್ಯವೇನೂ ಇಲ್ಲ. ಉಳಿದ ಕಡೆ ಅವನು ಏನು ತಪ್ಪಿಸಿದರೂ ನಾವು ನಕ್ಕು ಬಿಟ್ಟುಬಿಡುತ್ತಿದ್ದೆವು. ಅವನು ಹಾಗೇ ಬಿಡಿ, ಎಂದರೆ ಮುಗಿಯಿತು.

ಅವನ ಹೆಂಡತಿ ಶಾಲನ್ ನೂಲಿನ ಗಿರಣಿಯಲ್ಲಿ ಎರಡನೆಯ ಪಾಳಿಗೆ ಹೋಗುವವಳು, ಮಧ್ಯಾಹ್ನ ಎರಡಕ್ಕೆ ಮನೆ ಬಿಟ್ಟರೆ ಮರಳುವುದು ರಾತ್ರಿ ಹತ್ತೂವರೆಗೆ. ಒಬ್ಬಳೇ ಮಗಳು, ಋತುಜಾ. ಕುಪವಾಡದಲ್ಲಿ ಎರಡು ಕೋಣೆಯ ಮನೆ. ಹುಡುಗಿ ದಡ್ಡಿಯಲ್ಲ. ಅಂಗಡಿಗೆ ಬಂದರೆ ನನ್ನ ಗುಮಾಸ್ತನಿಗಿಂತ ಬೇಗ ಬಾಯಿಲೆಕ್ಕ ಹೇಳುತ್ತಿದ್ದಳು. ಆದರೆ ಶಾಲೆಯಲ್ಲಿ ಅವಳು ಕೂತಲ್ಲಿ ಅವಳಿರುತ್ತಿರಲಿಲ್ಲ. ಕಿಟಕಿಯ ಹೊರಗೆ ಎಲ್ಲೋ ಇರುತ್ತಿದ್ದಳು. ಒಮ್ಮೆಲೆ ಒಳಗೆ ಬಂದಾಗ ಬೇರೆಯವರ ಮಾತಿನ ನಡುವೆ ತನ್ನ ಮಾತು ಎಸೆಯುತ್ತಿದ್ದಳು. ಒಂದು ವರ್ಷದಲ್ಲಿ ಐದು ಕಂಪಾಸ್ ಪೆಟ್ಟಿಗೆ ಕಳೆದಳು. ಉತ್ತರ ಪತ್ರಿಕೆಯಲ್ಲಿ ಮೊದಲ ಪುಟ ಹೊಳೆಯುತ್ತಿತ್ತು, ಮೂರನೆಯ ಪುಟದಲ್ಲಿ ಬರೀ ಹೂಬಳ್ಳಿ. ಒಂಬತ್ತನೆಯ ತರಗತಿಯಲ್ಲಿ ನಪಾಸಾದಳು. ಇನ್ನೊಮ್ಮೆ ನಪಾಸಾದರೆ ದಾಖಲೆ ಕಿತ್ತುಕೊಂಡು ಹೋಗಿ ಎಂದು ಹೆಡ್‌ಮಿಸ್ಟ್ರೆಸ್ ಮೊದಲೇ ಹೇಳಿಟ್ಟಳು.

ಆಗ ಯಾರೋ ಪುಣ್ಯಾತ್ಮರು ಸರಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದರು. ಎಡಿಎಚ್‌ಡಿ, ಅಂದರು ಡಾಕ್ಟರು. ಗಮನ ಒಂದೆಡೆ ನಿಲ್ಲದ ತೊಂದರೆ. ಶಾಲನ್ ಗುಳಿಗೆ ಎಂದರೆ ಹೆದರುವವಳು. ಹುಡುಗಿಗೆ ಹುಚ್ಚಿನ ಗುಳಿಗೆ ಹಾಕಿದರೆ ಮುಂದೆ ಗತಿಯೇನು ಎಂದು ಅಲ್ಲಿಯೇ ಅಳಲು ಶುರುಮಾಡಿದಳು. ಡಾಕ್ಟರು ಸಮಾಧಾನದ ಮನುಷ್ಯ. ಕೆಲವರಿಗೆ ಗುಳಿಗೆ ಬೇಕಾಗುತ್ತದೆ, ಕೆಲವರಿಗೆ ಕಲಿಕೆ ಸಾಕಾಗುತ್ತದೆ, ಬಹಳ ಮಂದಿಗೆ ಎರಡೂ. ನಾವು ಕಲಿಕೆಯಿಂದ ಶುರುಮಾಡೋಣ ಎಂದು ಒಂದು ಚೀಟಿ ಬರೆದುಕೊಟ್ಟರು. ವಿಶ್ರಾಮಬಾಗದಲ್ಲಿ ಒಂದು ಟ್ರಸ್ಟಿನವರು ಇಂಥ ಎಂಟು ಮಕ್ಕಳ ಗುಂಪು ಕೂಡಿಸುತ್ತಿದ್ದರು. ಹನ್ನೆರಡು ಬುಧವಾರ, ಸಂಜೆ ನಾಲ್ಕಕ್ಕೆ. ಒಂದು ಕೋಣೆಯಲ್ಲಿ ಮಕ್ಕಳು, ಪಕ್ಕದ ಕೋಣೆಯಲ್ಲಿ ತಾಯಿಯೋ ತಂದೆಯೋ. ದೊಡ್ಡವರು ಬರದಿದ್ದರೆ ಮಗು ಬಂದದ್ದು ಲೆಕ್ಕಕ್ಕಿಲ್ಲ, ಏಕೆಂದರೆ ಮನೆಯಲ್ಲಿ ಅದನ್ನು ನಡೆಸಬೇಕಾದವರು ಅವರು. ಗುಂಪು ನಡೆಸುವವಳು ಅನುಜಾ ಮೇಡಂ ಎಂಬ ನಲವತ್ತರ ಹೆಂಗಸು. ಈ ಹನ್ನೆರಡು ವಾರದ ಕಲಿಕೆ ಮುಗಿಸಿದ ಪತ್ರ ತಂದರೆ ಹುಡುಗಿಯನ್ನು ಇಟ್ಟುಕೊಳ್ಳುತ್ತೇನೆ, ಪರೀಕ್ಷೆಯಲ್ಲಿ ಹೆಚ್ಚು ಹೊತ್ತೂ ಕೊಡಿಸುತ್ತೇನೆ ಎಂದು ಹೆಡ್‌ಮಿಸ್ಟ್ರೆಸ್ ಒಪ್ಪಿದಳು. ಶಾಲನ್‌ಗೆ ಪಾಳಿ ಬದಲಿಸಿಕೊಡಲು ಗಿರಣಿಯವರು ಒಪ್ಪಲಿಲ್ಲ. ಹೀಗಾಗಿ ಮಗಳ ಶಾಲೆ ಉಳಿಯುವುದು ಅಥವಾ ಹೋಗುವುದು, ಹನ್ನೆರಡು ಬುಧವಾರ ರಾವಸಾಹೇಬ ಹೊತ್ತಿಗೆ ಸರಿಯಾಗಿ ತಲುಪುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿತು.

ಮಾರ್ಕೆಟ್ಟಿನಲ್ಲಿ ಇದನ್ನು ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ.

ಮೊದಲ ಬುಧವಾರ ಮಕ್ಕಳು, ದೊಡ್ಡವರು ಒಟ್ಟಿಗೇ ಕೂತರಂತೆ. ಗೋಡೆಯ ಮೇಲೆ ದೊಡ್ಡ ಹಾಳೆ. ಈ ಗುಂಪಿನ ನಿಯಮ ನೀವೇ ಮಾಡಿ ಎಂದು ಅನುಜಾ ಮೇಡಂ ಸ್ಕೆಚ್ ಪೆನ್ ಹಿಡಿದು ನಿಂತಳು. ಮೊಬೈಲ್ ಹೊರಗೆ ಎಂದು ಒಬ್ಬ ಹುಡುಗ ಹೇಳಿದ. ಮರದ ಬುಗುರಿ ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು ಎಂದು ಇನ್ನೊಬ್ಬಳು. ಯಾರು ಏನೇ ಹೇಳಿದರೂ ನಗಬಾರದು ಎಂದು ಋತುಜಾ ಹೇಳಿದಳು. ದೊಡ್ಡವರೂ ಒಂದು ನಿಯಮ ಕೊಡಿ ಎಂದಾಗ ಎಲ್ಲರೂ ತಲೆ ತಗ್ಗಿಸಿದರು. ಎದ್ದವನು ರಾವಸಾಹೇಬ. ಈ ಸುದ್ದಿ ನನಗೆ ಹೇಳಿದವನು ಸಲೀಂ ಬಾಗವಾನ. ನಮ್ಮ ಯಾರ್ಡಿನಲ್ಲೇ ಹಣ್ಣಿನ ವ್ಯಾಪಾರಿ, ಅವನ ಮಗಳು ಝೀನತ್ ಕೂಡ ಅದೇ ಗುಂಪಿನಲ್ಲಿದ್ದಳು.

"ಹರಾಜಿನಾಗ ನಾವು ಮೂರ ಸಲ ಕೂಗ್ತೀವ್ರಿ ಮೇಡಂ," ಅಂದನಂತೆ ರಾವಸಾಹೇಬ. "ಮೂರನೇ ಸಲಕ್ಕ ಮುಗೀತು. ಆಮ್ಯಾಲ ಯಾವ ಸೇಠ ಬಂದ್ರೂ ಅದನ್ನ ತಿರಗಿ ತೆಗ್ಯಂಗಿಲ್ಲ. ಹಂಗ ಇಲ್ಲೂ ಇರ್ಲಿ. ಮೂರ ಗೈರಹಾಜರಿ ಆದ್ರ ಹೊರಗ. ಅರ್ಧಾ ತಾಸ ತಡಾ ಆದ್ರೂ ಗೈರಹಾಜರಿನ."

ಮೇಡಂ ಸ್ವಲ್ಪ ತಡವರಿಸಿದಳಂತೆ. ಮೂರಾದರೆ ಕೂತು ಮಾತಾಡೋಣ ಎಂದು ಬರೆಯೋಣವೇ ಎಂದಳಂತೆ. ಅಷ್ಟರಲ್ಲಿ ದೊಡ್ಡವರೆಲ್ಲ ಚಪ್ಪಾಳೆ ತಟ್ಟಿಯಾಗಿತ್ತು. ಎಲ್ಲರೂ ಹಾಳೆಯ ಕೆಳಗೆ ಸಹಿ ಮಾಡಿದರು. ತನ್ನ ಮಾತಿಗೆ ಅಷ್ಟು ಜನ ಸಹಿ ಹಾಕಿದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು. ಮರುದಿನ ಅವನ ನಡಿಗೆ ನೋಡಿ ಹಮಾಲರು, ಏನು ರಾವಸಾ, ನಗರಪಾಲಿಕೆಗೆ ನಿಂತಿದ್ದೀಯಾ ಎಂದು ಕೇಳಿದರು.

ಎರಡನೆಯ ಬುಧವಾರ ಮಗಳನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಹೊರಟವನಿಗೆ ದಾರಿಯಲ್ಲಿ ಮೊಟ್ಟೆಯ ಗಾಡಿ ಉರುಳಿದ್ದು ಕಂಡಿತು. ಇಳಿದು, ಒಡೆಯದ ಮೊಟ್ಟೆಗಳನ್ನು ಟ್ರೇಗೆ ಜೋಡಿಸಿಕೊಟ್ಟು, ಗಾಡಿಯವನಿಗೆ ಚಹಾ ಕುಡಿಸಿ, ತಲುಪಿದಾಗ ಐದು ಹತ್ತು. ಒಂದು ಗೈರುಹಾಜರಿ.

ಮೂರನೆಯ ವಾರ ಹೊತ್ತಿಗೆ ಸರಿಯಾಗಿ ಹೋದ. ಅಂದು ದೊಡ್ಡವರ ಕೋಣೆಯಲ್ಲಿ ಮೇಡಂ ಈ ತೊಂದರೆಯ ಲಕ್ಷಣಗಳನ್ನು ಒಂದೊಂದಾಗಿ ಓದಿದಳು. ಕೈಯಲ್ಲಿದ್ದ ಸಾಮಾನು ಕಳೆಯುವುದು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುವುದು. ಹೊತ್ತಿನ ಅಂದಾಜು ಇಲ್ಲದಿರುವುದು. ಎದುರಿನವರು ಮಾತಾಡುವಾಗ ಮನಸ್ಸು ಬೇರೆಡೆ ಹೋಗುವುದು. ಮೊದಲು ರಾವಸಾಹೇಬ ನಗುತ್ತ ಕೂತಿದ್ದನಂತೆ. ಐದನೆಯದಕ್ಕೆ ನಗು ನಿಂತಿತು. ಇದು ಮಕ್ಕಳಿಗಷ್ಟೇ ಆಗುತ್ತದೆಯೇ ಎಂದು ಕೇಳಿದ. ಇಲ್ಲ, ಬಹಳ ಮಂದಿಗೆ ದೊಡ್ಡವರಾದ ಮೇಲೂ ಇರುತ್ತದೆ, ಹೆಚ್ಚಾಗಿ ಮನೆತನದಲ್ಲೇ ಹರಿದುಬರುತ್ತದೆ ಎಂದಳು ಮೇಡಂ.

ಮರುದಿನ ಬೆಳಿಗ್ಗೆ, ಕಾಟಾ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದ.

"ಸೇಠ, ಅದಕ್ಕ ಹೆಸರೈತ್ರಿ."

ಯಾವುದಕ್ಕೆ ಎಂದೆ.

"ನನಗಿರೂದಕ್ಕ. ನಮ್ಮಪ್ಪ ಚಕ್ಕಡಿ ಹಗ್ಗ ತಗೊಂಡ ಹೊಡೀತಿದ್ನಲ್ರಿ, ಅದಕ್ಕ. ನಲವತ್ತಾರ ವರ್ಷ ಆತು ನನಗ. ಮೊದಲ ಯಾರರ ಹೇಳಿದ್ರ..." ಅಲ್ಲಿಗೆ ನಿಲ್ಲಿಸಿ, ಕಾಟಾವನ್ನು ಇನ್ನೊಮ್ಮೆ ಒರೆಸಿದ. ನನಗೆ ತಮಾಷೆಗೆ ಏನಾದರೂ ಹೇಳಬೇಕೆನ್ನಿಸಿತು. ಅದನ್ನು ನುಂಗಿಕೊಂಡು ಲೆಕ್ಕದ ಪುಸ್ತಕ ತೆರೆದೆ. ನನಗೆ ಹಾಗಾಗುವುದು ಅಪರೂಪ.

ನಾಲ್ಕನೆಯ ಬುಧವಾರ ಅವನು ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ತಲುಪಿದ. ಎದೆಯುಬ್ಬಿಸಿ ಒಳಗೆ ಹೋದ. ಋತುಜಾ ಎಲ್ಲಿ ಎಂದು ಮೇಡಂ ಕೇಳಿದಾಗ ಹಿಂದೆ ತಿರುಗಿ ನೋಡಿದ. ಹುಡುಗಿಯನ್ನು ಶಾಲೆಯ ಗೇಟಿನಿಂದ ಕರೆದುಕೊಂಡು ಬರಬೇಕಿತ್ತು; ಅದನ್ನೇ ಮರೆತು ನೆಟ್ಟಗೆ ಬಂದಿದ್ದ. ಎರಡು ಗೈರುಹಾಜರಿ. ಆ ವಾರ ಯಾರ್ಡಿನಲ್ಲಿ ಅವನನ್ನು ಕಂಡವರೆಲ್ಲ, ರಾವಸಾ, ಪ್ಯಾಂಟು ಹಾಕಿಕೊಂಡಿದ್ದೀಯೇನು ನೋಡಿಕೋ ಎನ್ನುತ್ತಿದ್ದರು. ಅವನು ನಗಲಿಲ್ಲ. ಅವನು ನಗದಿದ್ದಾಗ ನಮ್ಮ ತಮಾಷೆ ಬರಿದಾಗಿ ಕೇಳಿಸಿತು.

ಮೇಡಂ ಅವನನ್ನು ಬೇರೆ ಕೂರಿಸಿಕೊಂಡು ಒಂದು ಉಪಾಯ ಹೇಳಿಕೊಟ್ಟಳು. ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದರು. ಹೊಸ ಕೆಲಸವನ್ನು ಗಾಳಿಯಲ್ಲಿ ನೆನಪಿಡಲು ಹೋಗಬೇಡಿ; ನೀವು ಎಂದೂ ಮರೆಯದ ಒಂದು ಹಳೆಯ ಕೆಲಸದ ಬಾಲಕ್ಕೆ ಅದನ್ನು ಕಟ್ಟಿಬಿಡಿ. ಹಲ್ಲುಜ್ಜಿದ ಮೇಲೆ ಚೀಲ ತುಂಬುವುದು, ಊಟವಾದ ಮೇಲೆ ನಾಳೆಯ ಹಾಳೆ ಬರೆಯುವುದು, ಹೀಗೆ. ನೀವು ಎಂದೂ ಮರೆಯದ್ದು ಯಾವುದು ಎಂದು ಕೇಳಿದಳು.

ರಾವಸಾಹೇಬ ಯೋಚಿಸಲೇ ಇಲ್ಲ. ಅರಿಶಿನದ ಹರಾಜು, ಅಂದ.

ಅದು ನಿಜ. ದೊಡ್ಡ ಹರಾಜು ಮಂಗಳವಾರ. ಮೈಯಲ್ಲಿ ಜ್ವರವಿದ್ದರೂ ಅವನು ತಪ್ಪಿಸಿದ್ದಿಲ್ಲ. ಸೋಮವಾರ ಯಾವುದು, ಶುಕ್ರವಾರ ಯಾವುದು ಎಂಬ ಗೊಡವೆಯೇ ಅವನಿಗಿರಲಿಲ್ಲ. ಯಾರ್ಡಿನ ಜನಕ್ಕೆ ವಾರವೆಂದರೆ ಹರಾಜಿನ ಹಿಂದಿನ ದಿನ, ಹರಾಜಿನ ದಿನ, ಹರಾಜಿನ ಮರುದಿನ. ಹರಾಜಿನ ಮರುದಿನ ಮೂರಕ್ಕೆ ಕಾಟಾ ಬಿಡುವುದು, ಇಸ್ತ್ರಿ ಅಂಗಿ ಹಾಕುವುದು, ಶಾಲೆಯ ಗೇಟು, ಆಮೇಲೆ ವಿಶ್ರಾಮಬಾಗ. ಹೀಗೆ ಒಂದರ ಬಾಲಕ್ಕೊಂದು ಕಟ್ಟಿಕೊಂಡ. ಮೂರಕ್ಕೆ ಬಿಡುವುದಕ್ಕೆ ನಾನೂ ಒಪ್ಪಿದೆ.

ಐದು, ಆರು, ಏಳು. ಮೂರು ಬುಧವಾರ ಗಡಿಯಾರದ ಹಾಗೆ ನಡೆಯಿತು. ಹುಡುಗಿಯಲ್ಲಿ ಆದ ಬದಲಾವಣೆ ನಾನೇ ನೋಡಿದೆ. ಕಿಸೆಯಲ್ಲಿ ಮಡಿಸಿದ ಒಂದು ಹಾಳೆ, ಅದರಲ್ಲಿ ವಾರದ ಕೆಲಸವೆಲ್ಲ ತುಂಡುತುಂಡಾಗಿ; ಆದದ್ದಕ್ಕೆ ಗೀಟು. ಮಕ್ಕಳನ್ನು ಜೋಡಿ ಮಾಡಿದ್ದರು. ಋತುಜಾಳ ಜೋಡಿ ಝೀನತ್. ಪ್ರತಿ ಸಂಜೆ ಎಂಟಕ್ಕೆ ಒಬ್ಬಳು ಇನ್ನೊಬ್ಬಳಿಗೆ ಫೋನು ಮಾಡಿ ಇವತ್ತಿನ ಮೂರು ಕೆಲಸ ಆಯಿತೇ ಎಂದು ಕೇಳಬೇಕು. ಆಗದಿದ್ದರೆ ಬೈಯುವಂತಿಲ್ಲ, ಯಾಕೆ ಎಂದೂ ಕೇಳುವಂತಿಲ್ಲ; ಯಾವುದರಿಂದ ಶುರುಮಾಡ್ತಿ ಎಂದಷ್ಟೇ ಕೇಳಬೇಕು. ಸಲೀಂ ಹೇಳುತ್ತಿದ್ದ, ಸೇಠ, ನನ್ನ ಹೆಂಡತಿಗೂ ಈ ನಿಯಮ ಕಲಿಸಲು ಬರುತ್ತದೆಯೇ ಕೇಳಿ ಎಂದು. ಮನೆಯಲ್ಲಿ ರಾವಸಾಹೇಬನೂ ದೂರದಿಂದ ಕೂಗುವುದನ್ನು ಬಿಟ್ಟು, ಹತ್ತಿರ ಹೋಗಿ, ಒಂದು ಸಲಕ್ಕೆ ಒಂದೇ ಮಾತು ಹೇಳಲು ಕಲಿತ. ಆ ಜೂನ್‌ನಲ್ಲಿ ತಂದ ಕಂಪಾಸ್ ಪೆಟ್ಟಿಗೆ ಆಗಸ್ಟಿನವರೆಗೂ ಮನೆಯಲ್ಲಿತ್ತು. ಘಟಕ ಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತರಲ್ಲಿ ಹದಿನೇಳು ಬಂತು. ಮೂರನೆಯ ಪುಟದಲ್ಲೂ ಲೆಕ್ಕವೇ ಇತ್ತು.

ಎಂಟನೆಯ ವಾರ ಆಷಾಢದ ಅಮಾವಾಸ್ಯೆ ಬಂತು, ನಮ್ಮ ಕಡೆ ಭೀಮನ ಅಮಾವಾಸ್ಯೆ ಎನ್ನುತ್ತೇವಲ್ಲ, ಅದು. ಬಂದದ್ದು ಮಂಗಳವಾರ. ಅಮಾವಾಸ್ಯೆಗೆ ಯಾರ್ಡಿಗೆ ರಜೆ. ಆದ್ದರಿಂದ ದೊಡ್ಡ ಹರಾಜು ಬುಧವಾರಕ್ಕೆ ಸರಿಯಿತು. ಹರಾಜು ಸರಿದಾಗ ರಾವಸಾಹೇಬನ ವಾರವೂ ಜೊತೆಗೇ ಒಂದು ದಿನ ಸರಿಯಿತು.

ಆ ಬುಧವಾರ ನನ್ನ ಬಾಗಿಲಲ್ಲಿ ಮೂರು ಲಾರಿ ನಿಂತಿದ್ದವು. ಮಳೆ ಬರುವ ಹಾಗಿತ್ತು. ರಾವಸಾಹೇಬ ಹುಮ್ಮಸ್ಸಿನಿಂದ ತೂಗುತ್ತಿದ್ದ, ಮೈಯೆಲ್ಲ ಹಳದಿ ಧೂಳು. ಮೂರೂಕಾಲರ ಸುಮಾರಿಗೆ ನನ್ನ ತಲೆಯಲ್ಲಿ ಒಂದು ಮಾತು ಸುಳಿಯಿತು: ಇವತ್ತು ಬುಧವಾರವಲ್ಲವೇ, ಇವನು ಹೋಗಬೇಕಲ್ಲವೇ. ಹೊರಗೆ ಮೋಡ ನೋಡಿದೆ, ಲಾರಿ ನೋಡಿದೆ. ಇನ್ನೊಬ್ಬ ತೂಗುವವನು ಸಿಗುವಂತಿರಲಿಲ್ಲ. ಹೋಗಬೇಕಾದರೆ ಅವನೇ ಕೇಳುತ್ತಾನೆ, ಬಹುಶಃ ಈ ವಾರ ಗುಂಪಿಗೂ ರಜೆಯಿರಬೇಕು ಎಂದುಕೊಂಡೆ. ಬಾಯಿ ತೆರೆಯಲಿಲ್ಲ. ಅವನು ಮನೆ ಮುಟ್ಟಿದಾಗ ರಾತ್ರಿ ಹತ್ತು, ಹುಡುಗಿ ಮಲಗಿದ್ದಳು.

ಹುಡುಗಿಗೆ ಬುಧವಾರ ಗೊತ್ತಿತ್ತು. ಅವಳ ಹಾಳೆಯಲ್ಲಿ ಬರೆದಿತ್ತು. ಶಾಲೆಯ ಗೇಟಿನಲ್ಲಿ ಮೂರೂವರೆಯಿಂದ ಐದರವರೆಗೆ ನಿಂತು, ಬಸ್ಸು ಹತ್ತಿ ಒಬ್ಬಳೇ ಮನೆಗೆ ಹೋಗಿದ್ದಳು. ಅಪ್ಪನಿಗೆ ಹಚ್ಚಿದ ಫೋನು ನನ್ನ ಅಂಗಡಿಯ ಗೂಟಕ್ಕೆ ತೂಗುಹಾಕಿದ ಅಂಗಿಯಲ್ಲಿ ಬಾರಿಸಿ ಬಾರಿಸಿ ನಿಂತಿತ್ತು. ಎಂಟಕ್ಕೆ ಝೀನತ್ ಫೋನು ಮಾಡಿದಾಗ ಋತುಜಾ ತನಗೆ ಜ್ವರ ಬಂದಿತ್ತು ಎಂದಳಂತೆ.

ಗುರುವಾರ ಮೂರಕ್ಕೆ ರಾವಸಾಹೇಬ ಕೈಕಾಲು ತೊಳೆದು, ಇಸ್ತ್ರಿಯ ಅಂಗಿ ಹಾಕಿ ನನ್ನ ಮುಂದೆ ನಿಂತು, ಹೊರಟೆ ಸೇಠ, ಎಂದ. ಆಗ ನನಗೆ ಪೂರ್ತಿ ತಿಳಿಯಿತು. ಹೇಳಬೇಕು ಎನ್ನುವಷ್ಟರಲ್ಲಿ ಸೈಕಲ್ ಗೇಟು ದಾಟಿತ್ತು. ಓಡಿ ಕೂಗಬಹುದಿತ್ತು. ನನ್ನ ವಯಸ್ಸಿನ ಸೇಠಗಳು ಯಾರ್ಡಿನಲ್ಲಿ ಓಡುವುದಿಲ್ಲ.

ಮುಂದಿನದನ್ನು ಶುಕ್ರವಾರ ಅವನೇ ಹೇಳಿದ. ಶಾಲೆಯ ಗೇಟಿಗೆ ಮೂರೂವರೆಗೆ ಸರಿಯಾಗಿ ಹೋದನಂತೆ. ಮಗಳು ಅವನನ್ನು ನೋಡಿ ಒಂದು ಗಳಿಗೆ ನಿಂತು, ಸುಮ್ಮನೆ ಸೈಕಲ್ ಹತ್ತಿದಳಂತೆ. ದಾರಿಯುದ್ದಕ್ಕೂ ಅವನೇ ಮಾತಾಡಿದ: ಸತತ ನಾಲ್ಕನೆಯ ವಾರ ಹೊತ್ತಿಗೆ ಸರಿಯಾಗಿ ಬರುತ್ತಿದ್ದೇವೆ, ಇನ್ನು ನಾಲ್ಕೇ ಉಳಿದವು, ಪತ್ರ ಕೈಗೆ ಬಂದ ದಿನ ಹೆಡ್‌ಮಿಸ್ಟ್ರೆಸ್ಸಿಗೆ ಪೇಢೆ ಒಯ್ದು ಕೊಡೋಣ ಎಂದು. ಮೆಟ್ಟಿಲು ಹತ್ತಿದರೆ ಕೋಣೆಗೆ ಬೀಗ. ಕೆಳಗಿನ ಕಾವಲುಗಾರ ಬಂದು, ನಿನ್ನೆ ಆಯಿತಲ್ಲ ಎಂದ.

ರಾವಸಾಹೇಬ ಮಗಳ ಕಡೆ ತಿರುಗಿದ.

"ನಿನಗ ಗೊತ್ತಿತ್ತೇನು?"

ಹುಡುಗಿ ಚಪ್ಪಲಿ ನೋಡುತ್ತ ನಿಂತಳು.

"ಗೊತ್ತಿದ್ರ ಯಾಕ ಹೇಳ್ಲಿಲ್ಲ, ಪೋರಿ?"

"ನೀನು ಇಸ್ತ್ರಿ ಅಂಗಿ ಹಾಕ್ಕೊಂಡ ಬಂದಿದ್ದಿ ಪಪ್ಪಾ," ಅಂದಳು.

ಇದನ್ನು ನನಗೆ ಹೇಳುವಾಗ ಅವನ ಕೈ ಅಂಗಿಯ ಗುಂಡಿಯ ಮೇಲಿತ್ತು. ಅಮಾವಾಸ್ಯೆ, ಹರಾಜು, ಬುಧವಾರ ಎಂದು ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದ. ಎಲ್ಲಿ ತಪ್ಪಿತು ಎಂದು ಅವನಿಗೀಗ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು ಎಂಬುದನ್ನು ನಾನು ಹೇಳಲಿಲ್ಲ.

ಗೈರುಹಾಜರಿ ಮೂರಾಗಿತ್ತು. ಆದರೆ ಅನುಜಾ ಮೇಡಂ ಅಂಥ ಕಟುಕಳಲ್ಲ. ಮುಂದಿನ ಬುಧವಾರ ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ನಿಯಮ ಮಾಡಿದವರು ನಾವು, ಬದಲಿಸುವವರೂ ನಾವೇ ಎಂದು ವಿಷಯ ಎತ್ತಿದಳು. ನಡೆದದ್ದನ್ನು ಹೇಳಿದಳು. ಬುಗುರಿ ಒಂದು ಸುತ್ತು ಬಂತು. ಉಳಿದ ಏಳು ಮಕ್ಕಳಲ್ಲಿ ಒಬ್ಬರೂ ಋತುಜಾ ಬೇಡ ಎನ್ನಲಿಲ್ಲ. ಝೀನತ್ ಬುಗುರಿ ಹಿಡಿದು, ಇವಳು ಹೋದರೆ ಎಂಟಕ್ಕೆ ನಾನು ಯಾರಿಗೆ ಫೋನು ಮಾಡಲಿ ಎಂದಷ್ಟೇ ಹೇಳಿದಳು. ಬುಗುರಿ ದೊಡ್ಡವರ ಕಡೆ ಬಂತು. ಸಲೀಂ ನಗಿಸಲು ಹೋದ. ರಾವಸಾನ ಸ್ವಭಾವ ಇಡೀ ಯಾರ್ಡಿಗೆ ಗೊತ್ತಿದೆ, ಅವನು ಹಾಗೇ, ಬಿಟ್ಟುಬಿಡೋಣ ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯದೇ.

ಬುಗುರಿ ರಾವಸಾಹೇಬನ ಕೈಗೆ ಬಂತು. ಅವನು ಹೂಂ ಎಂದು ಮುಂದಿನವರಿಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಎದ್ದು ನಿಂತ.

"ಮೇಡಂ, ಆಯುಷ್ಯದಾಗ ಎಲ್ಲಾರೂ ನನಗ ಮಾಫ ಮಾಡ್ಯಾರ್ರಿ. ಮಾಲಕ್ರು, ಹೆಂಡ್ತಿ, ಪೊಲೀಸ್ರು ಸೈತ. ನಕ್ಕೋತ ಮಾಫ ಮಾಡ್ಯಾರ. ನಕ್ಕ ಮಾಫ ಮಾಡಿದ ಮನಶ್ಯಾನ ಮಾತು ಯಾರೂ ಲೆಕ್ಕಕ್ಕ ಹಿಡಿಯಂಗಿಲ್ರಿ. ಈ ಒಂದ ಮಾತು ನೀವೆಲ್ಲಾ ಹಿಡದ್ರಿ, ಸಹಿ ಹಾಕಿದ್ರಿ. ಅದನ್ನೂ ಹಂಗ ಬಿಟ್ರ ನನ್ನ ಮಗಳು ಏನ ಕಲೀತಾಳ? ನಕ್ಕೋತ ಹೋದ್ರ ನಡೀತದ ಅಂತ ಕಲೀತಾಳ. ಅದು ಬ್ಯಾಡ್ರಿ. ನಿಯಮ ಅಂದ್ರ ನಿಯಮ."

ಇದು ನಿಮ್ಮ ತಪ್ಪು, ಹುಡುಗಿಯದಲ್ಲ, ಶಿಕ್ಷೆ ಯಾಕೆ ಅವಳಿಗೆ ಎಂದು ಮೇಡಂ ಬೇಡಿಕೊಂಡಳು. ಅವನು ಕೇಳಿಸಿಕೊಂಡನೋ ಇಲ್ಲವೋ. ಬುಗುರಿಯನ್ನು ಕುರ್ಚಿಯ ಮೇಲಿಟ್ಟು, ಮಗಳ ಕೈ ಹಿಡಿದು ಮೆಟ್ಟಿಲಿಳಿದ. ಸಲೀಂ ಹೇಳಿದ, ಸೇಠ, ಆ ಹೊತ್ತು ಅವನು ನಿಜವಾಗಿ ಸಾಹೇಬನ ಹಾಗೆ ಕಂಡ. ಹುಡುಗಿ ಬಾಗಿಲಲ್ಲಿ ಒಮ್ಮೆ ತಿರುಗಿ ಝೀನತ್‌ಳನ್ನು ನೋಡಿದಳಂತೆ.

ನಾನು ಕರೆದು ಬೈದೆ. ಮರ್ಯಾದೆ ಬೇಕಿದ್ದರೆ ಬೇರೆ ಕಡೆ ಕೊಂಡುಕೋ, ಮಗಳ ಶಾಲೆ ಕೊಟ್ಟು ಕೊಳ್ಳಬೇಡ ಎಂದೆ. ಮೇಡಂ ಎರಡು ಸಲ ಯಾರ್ಡಿಗೆ ಬಂದು ಅರಿಶಿನದ ಚೀಲದ ಮೇಲೆ ಕೂತು ಕಾದಳು. ಅವನು ಚಹಾ ತರಿಸಿಕೊಟ್ಟ, ಕೈಮುಗಿದ, ಒಪ್ಪಲಿಲ್ಲ. ಆಯುಷ್ಯದಲ್ಲಿ ಮೊದಲ ಸಲ ಒಂದು ಮಾತನ್ನು ಕೊನೆಯವರೆಗೆ ಹಿಡಿದಿದ್ದ. ಹಿಡಿಯಬಾರದ ಜಾಗದಲ್ಲಿ ಹಿಡಿದಿದ್ದ. ಶಾಲನ್ ಅವನ ಜೊತೆ ಮಾತು ಬಿಟ್ಟಳು. ಹತ್ತನೆಯ ಬುಧವಾರ ಪಾಳಿ ತಪ್ಪಿಸಿ, ಸಂಬಳ ಕಳೆದುಕೊಂಡು, ತಾನೇ ಹುಡುಗಿಯನ್ನು ಕರೆದೊಯ್ಯಲು ಶಾಲೆಯ ಗೇಟಿಗೆ ಹೋದಳು. ಹುಡುಗಿ ಬರಲಿಲ್ಲ. ನಾನು ಒಳಗೆ ಹೋದರೆ ಪಪ್ಪಾನ ಮಾತು ಮತ್ತೆ ಸುಳ್ಳಾಗುತ್ತದೆ, ಎಲ್ಲರೂ ಮತ್ತೆ ನಗುತ್ತಾರೆ, ಅಂದಳಂತೆ. ಹದಿನಾಲ್ಕು ವರ್ಷದ ಹುಡುಗಿ. ಗುಳಿಗೆಯ ವಿಷಯ ಕೇಳಲು ಡಾಕ್ಟರ ಹತ್ತಿರ ಮತ್ತೆ ಹೋಗಬೇಕಿತ್ತು. ಗಂಡ ಹೆಂಡತಿ ಮಾತೇ ಇಲ್ಲದ ಮನೆಯಲ್ಲಿ ಅದೂ ಹಾಗೇ ಉಳಿಯಿತು.

ಪತ್ರ ಸಿಗಲಿಲ್ಲ. ಝೀನತ್ ಕೆಲವು ತಿಂಗಳು ಎಂಟಕ್ಕೆ ಫೋನು ಮಾಡುತ್ತಿದ್ದಳು. ದೀಪಾವಳಿಯ ನಂತರ ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತಿತು. ಮಾರ್ಚಿನಲ್ಲಿ ಮೂರು ವಿಷಯದಲ್ಲಿ ನಪಾಸಾಗಿ ಋತುಜಾ ಶಾಲೆಯಿಂದ ಹೊರಬಿದ್ದಳು. ಬೇರೆ ಶಾಲೆಯವರು ಹಳೆಯ ಅಂಕಪಟ್ಟಿ ನೋಡಿ ಜಾಗವಿಲ್ಲ ಎಂದರು.

ಈಗ ಎರಡು ವರ್ಷವಾಯಿತು. ಹುಡುಗಿ ಮೊದಲು ಭಡಂಗ್, ಅಂದರೆ ಖಾರದ ಚುರುಮುರಿಯ ಪ್ಯಾಕೆಟ್ ಕಟ್ಟುವ ಕಾರ್ಖಾನೆಗೆ ಸೇರಿದಳು. ಎಂಟು ತಾಸು ಒಂದೇ ಪ್ಯಾಕೆಟ್ಟು, ಒಂದೇ ಅಳತೆ. ಅವಳಂಥವಳಿಗೆ ಅದಕ್ಕಿಂತ ಕೆಟ್ಟ ಕೆಲಸ ಹುಡುಕಿದರೂ ಸಿಗದು. ಶೇಂಗಾ ಹಾಕದೆ ಒಂದು ಪೆಟ್ಟಿಗೆ ತುಂಬ ಕಟ್ಟಿ ಕಳಿಸಿದಳೆಂದು ತೆಗೆದರು. ಆಮೇಲೆ ಬಳೆಯ ಅಂಗಡಿ. ಆಮೇಲೆ ಒಬ್ಬ ದಂತವೈದ್ಯರ ಬಾಗಿಲಲ್ಲಿ ಹೆಸರು ಕರೆಯುವ ಕೆಲಸ. ಅಲ್ಲಿಂದಲೂ ಕಳೆದ ತಿಂಗಳು ಬಿಡಿಸಿದರು.

ಅನುಜಾ ಮೇಡಂ ಈ ಜೂನ್‌ನಲ್ಲಿ ಹೊಸ ಗುಂಪು ಕೂಡಿಸುತ್ತಿದ್ದಾಳೆ. ಹದಿನೇಳು ತುಂಬುವವರೆಗೆ ಸೇರಿಸಿಕೊಳ್ಳುತ್ತೇನೆ, ಮೊದಲ ಹೆಸರು ಋತುಜಾಳದೇ ಬರೆದಿದ್ದೇನೆ ಎಂದು ನನಗೇ ಫೋನು ಮಾಡಿದಳು. ನಾನು ರಾವಸಾಹೇಬನಿಗೆ ಹೇಳಿದೆ. ಅವನು ಕಾಟಾ ಒರೆಸಿ, ಮಗಳನ್ನು ಕೇಳುತ್ತೇನೆ ಎಂದ.

ಮರುದಿನ ಮಧ್ಯಾಹ್ನ ಹುಡುಗಿ ಅಪ್ಪನಿಗೆ ಭಾಕರಿ ತಂದಿದ್ದಳು. ನಾನು ಗಾದಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದೆ. ಅವರಿಬ್ಬರೂ ಆಚೆ ಚೀಲಗಳ ನೆರಳಲ್ಲಿ. ಅವನು ಮೇಡಂ ಹೇಳಿದ್ದನ್ನು ಹೇಳಿದ. ಈ ಸಲ ನಾನೇ ಮೊಬೈಲಿನಲ್ಲಿ ದಿನಕ್ಕೆ ಮೂರು ಅಲಾರಂ ಇಟ್ಟುಕೊಳ್ಳುತ್ತೇನೆ, ಹರಾಜಿನ ಗೊಡವೆಯೇ ಇಲ್ಲ ಎಂದ. ಮಗಳು ಉಪ್ಪಿನಕಾಯಿಯ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು.

"ಅವತ್ತ ನೀನು ಹೂಂ ಅನಬೇಕಿತ್ತ, ಪಪ್ಪಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಕೈ ಭಾಕರಿಯ ಮೇಲೆ ನಿಂತಿತು.

"ಹೌದವ್ವಾ," ಅಂದ. "ಈಗ ಅಂತೀನಿ. ಹೋಗೋಣ ನಡಿ."

"ಈಗ ಬ್ಯಾಡ. ಡೆಂಟಿಸ್ಟ ಡಾಕ್ಟರು ಬಿಡಿಸುವಾಗ ಏನಂದ್ರ ಗೊತ್ತೇನು? ಸಿಟ್ಟಿಲ್ಲವ್ವಾ, ನೀ ಹಂಗ ಇದ್ದಿ, ಅಂದ್ರು. ನಕ್ಕರು. ನಾನೂ ನಕ್ಕೆ. ಈಗ ನನಗೂ ಅದು ರೂಢಿ ಆಗೇದ ಪಪ್ಪಾ. ತ್ರಾಸ ಆಗಂಗಿಲ್ಲ."

ಅವನು ಅರ್ಧ ಭಾಕರಿ ಉಳಿಸಿ ಕೈ ತೊಳೆದುಕೊಂಡ. ಹುಡುಗಿ ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ನನ್ನ ಕಡೆ ನೋಡಿ, ಬರ್ತೀನ್ರಿ ಸೇಠ ಎಂದು ನಕ್ಕು, ಬಿಸಿಲಿನಲ್ಲಿ ನಡೆದು ಹೋದಳು.